ನೀಲಗಂಗವ್ವನ ಕೌದಿ, ಸೊಸೆಯ ಸರ್ವರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನೀಲಗಂಗವ್ವನ ಕೈಗೆ ಬಿಡುವಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯ ಮನೆ. ಗಾಳಿ ಬೀಸಿದರೆ ಕೆಂಪು ಧೂಳು ಒಳಗೇ ಬಂದು ಕೂರುತ್ತದೆ. ಅದಕ್ಕೆ ಅವಳ ಹತ್ತಿರ ಇರುವುದು ಒಂದೇ ಮದ್ದು, ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಟೀವಿಗೊಂದು, ಮಿಕ್ಸರಿಗೊಂದು ಹೊದಿಸುತ್ತಾಳೆ. "ನಮ್ಮ ಮನಿಯಾಗ ಒಂದು ಸೀನು ಬಂದ್ರ ಕೇಳ್ರಿ" ಎಂದು ಓಣಿಗೆಲ್ಲ ಸವಾಲು ಹಾಕುವ ಹೆಂಗಸು.

ಕೌದಿಗಿಂತ ದೊಡ್ಡ ಹೆಮ್ಮೆ ಸೊಸೆ ಸುಧಾರಾಣಿ. ಅವಳು ಮದುವೆಗಳ ವಿಡಿಯೊ ತೆಗೆಯುತ್ತಾಳೆ. ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಅವಳ ಕ್ಯಾಮೆರಾ ಕಾಣದ ಕಲ್ಯಾಣಮಂಟಪವಿಲ್ಲ. ತೆಗೆದದ್ದೆಲ್ಲ ಇರುವುದು ಮನೆಯ ಸರ್ವರಿನಲ್ಲಿ, ಅಂದರೆ ಪಡಸಾಲೆಯ ಗೂಡಿನಲ್ಲಿ ಹಗಲಿರುಳು ಗುಂಯ್‌ಗುಡುವ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಒಳಗೆ ಎರಡು ಹಾರ್ಡ್ ಡಿಸ್ಕು. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲಿ. "ಊರ ಮಂದಿ ಮದವಿ ಎಲ್ಲಾ ನಮ್ಮ ಗೂಡಿನ್ಯಾಗ ಅದಾವು" ಎಂದು ನೀಲಗಂಗವ್ವ ಬಂದವರಿಗೆಲ್ಲ ಚಹದ ಜೊತೆ ಹೇಳಿಯೇ ಕಳಿಸುವುದು.

ಒಂದು ಮುಂಜಾನೆ ಹಲಗೇರಿಯ ಮಲ್ಲೇಶಪ್ಪ ಫೋನು ಮಾಡಿದ. ಹೆಂಡತಿ ಜಯವ್ವ ತೀರಿಹೋಗಿದ್ದಳು. ಮಗಳ ಮದುವೆಯ ವಿಡಿಯೊದಲ್ಲಿ ಅವಳ ಧ್ವನಿ ಇದೆ, ಒಮ್ಮೆ ಕೇಳಬೇಕು, ನಾಳೆ ಬರುತ್ತೇನೆ ಎಂದ. ಸುಧಾರಾಣಿ ಒಪ್ಪಿಕೊಂಡು ರಾಣೆಬೆನ್ನೂರಿನ ಮದುವೆಗೆ ಹೊರಟಳು. ನೀಲಗಂಗವ್ವ ಗೂಡಿನ ಮುಂದೆ ಬಂದು ನಿಂತಳು. ಸತ್ತವಳ ಮಾತು ಕಾದಿಟ್ಟ ಪೆಟ್ಟಿಗೆ ಧೂಳು ತಿನ್ನಬೇಕೇ? ಹೊಸ ಕೌದಿಯನ್ನೇ ತಂದು, ಗಾಳಿ ನುಸುಳದ ಹಾಗೆ ನಾಲ್ಕೂ ಕಡೆ ಸಿಕ್ಕಿಸಿದಳು.

ಮಧ್ಯಾಹ್ನ ಸೊಸೆಯ ಫೋನು.

"ಅತ್ತಿ, ಸರ್ವರ್ ಕಾದೈತಿ ಅಂತ ನನ್ನ ಮೊಬೈಲಿಗೆ ಬಂದೈತಿ. ಒಮ್ಮೆ ಮುಟ್ಟಿ ನೋಡ್ರಿ."

"ಅಯ್ಯ, ಜ್ವರ ಬಂದಾಂಗ ಸುಡಾಕತ್ತೈತಿ! ಕೌದಿ ಹೊಚ್ಚೇನಿ, ಬೆವತರ ಇಳೀತೈತಿ ತಗೋ."

"ಕೌದಿ ತಗೀರಿ ಅತ್ತಿ, ಲಗೂ! ಗಾಳಿ ಇಲ್ಲಂದ್ರ ಅದು ಸಾಯತೈತಿ. ಮುಂದಿನ ಬಟನ್ ಒತ್ರಿ, ತಾನ ಬಂದ್ ಆಗತೈತಿ."

ಸಂಜೆ ಸುಧಾರಾಣಿ ಬಂದು, ತಣ್ಣಗಾದ ಪೆಟ್ಟಿಗೆ ಬಿಚ್ಚಿ, ಫ್ಯಾನಿಗೆ ಮೆತ್ತಿದ ಕೆಂಪು ಧೂಳನ್ನು ಬ್ರಶ್ಶಿನಿಂದ ತೆಗೆದು ಮತ್ತೆ ಚಾಲೂ ಮಾಡಿದಳು. ಒಂದು ಡಿಸ್ಕು ಟಕಟಕ ಎಂದು ಸುಮ್ಮನಾಯಿತು. ನೀಲಗಂಗವ್ವ ಪೆಟ್ಟಿಗೆಗೆ ಕಿವಿಯಿಟ್ಟಳು. ಇನ್ನೊಂದು ತಿರುಗಿತು.

"ನನ್ನ ಕೈಯಾರ ಕೊಲ್ಲತಿದ್ನಲ್ಲವ್ವಾ."

"ಇಲ್ರಿ ಅತ್ತಿ. ಧೂಳು ಬ್ಯಾಡ ಅಂದದ್ದು ಖರೇನ ಐತಿ. ಫ್ಯಾನಿನ ಹಣೇಬರಾ ನೀವ ನೋಡಿದ್ರಿ. ಆದ್ರ ಗಾಳೀನೂ ಬೇಕು."

ನೀಲಗಂಗವ್ವ ಎದ್ದು ಖಾರಪುಡಿ ಕುಟ್ಟುವಾಗ ಮೂಗಿಗೆ ಕಟ್ಟುವ ತೆಳು ಅರಿವೆ ತಂದಳು. ಇದರಲ್ಲಿ ಗಾಳಿ ಹಾಯುತ್ತದೆ, ಧೂಳು ಹಾಯುವುದಿಲ್ಲ. ಗೂಡಿನಿಂದ ಪೆಟ್ಟಿಗೆಯನ್ನು ಮೇಜಿಗೆ ತಂದು, ಅದು ಗಾಳಿ ಎಳೆದುಕೊಳ್ಳುವ ಬಾಯಿಗೆ ಅತ್ತೆ ಸೊಸೆ ಸೇರಿ ಆ ಅರಿವೆ ಕಟ್ಟಿದರು. ವಾರಕ್ಕೊಮ್ಮೆ ಒಗೆದು ಕಟ್ಟುವುದು ತನ್ನದೇ ಕೆಲಸ, ಯಾರೂ ಕೈ ಹಾಕಕೂಡದು ಎಂದು ನೀಲಗಂಗವ್ವ ಜಾಹೀರು ಮಾಡಿದಳು. ಮರುದಿನ ಮುಂಜಾನೆ ಹೊಸ ಡಿಸ್ಕು ಬಂತು; ಉಳಿದ ಡಿಸ್ಕಿನಲ್ಲಿದ್ದದ್ದೆಲ್ಲ ಅದಕ್ಕೂ ಇಳಿಯಿತು.

ಮಲ್ಲೇಶಪ್ಪ ಬಂದು ಪರದೆಯ ಮುಂದೆ ಕುಳಿತ. ಮದುವೆಯ ಪಂಕ್ತಿಯ ಗದ್ದಲದಲ್ಲಿ, ಕ್ಯಾಮೆರಾದ ಪಕ್ಕ ಬಡಿಸುತ್ತಿದ್ದ ಗಂಡನತ್ತ ಜಯವ್ವ ತಿರುಗಿದಳು. "ಎಲ್ಲಾರಿಗೂ ನೀಡಿಕೋತ ನಿಂತೀರಿ, ನೀವು ಉಂಡ್ರೇನ್ರಿ?"

"ಉಂಡೇನಿ, ನೀ ಉಣ್ಣು ಹೋಗು" ಎಂದ ಮಲ್ಲೇಶಪ್ಪ, ಪರದೆಗೆ. ಆಮೇಲೆ ನಾಚಿ, ಕಣ್ಣೊರೆಸಿಕೊಂಡು ಕೇಳಿದ: "ಇನ್ನೊಮ್ಮೆ ಹಚ್ತೀಯೇನವ್ವಾ?"

ಉತ್ತರ ಕೊಟ್ಟವಳು ನೀಲಗಂಗವ್ವ, ಎದೆ ಸೆಟೆಸಿಕೊಂಡು.

"ಬೇಕಾದಷ್ಟ ಸಲ ಕೇಳಣ್ಣಾ. ಆಕಿ ನಮ್ಮ ಮನಿಯಾಗ ಅದಾಳ, ಎಲ್ಲೂ ಹೋಗಂಗಿಲ್ಲ."