ಮೇಸ್ತ್ರಿಯ ಕೈ

ಯುದ್ಧದ ಕಾಲದಲ್ಲಿ ನಾನು ಭದ್ರಾವತಿಯ ಅಂಚಿನ ಒಂದು ಎರಕದ ಕಾರ್ಖಾನೆಯಲ್ಲಿ ಗಂಟೆ ಹೊಡೆಯುವ ಗುಮಾಸ್ತನಾಗಿದ್ದೆ. ಅಲ್ಲಿನ ಮೇಸ್ತ್ರಿ ಕುಲುಮೆಯ ಮುಂದೆ ನಿಂತವರ ಹಿಂದೆ ಓಡಾಡುತ್ತ, "ಕತ್ತು ತೋರ್ಸು ಮಾರಾಯ" ಎಂದು ಒಬ್ಬೊಬ್ಬರ ಕತ್ತಿನ ಮೇಲೂ ಕೈಯಿಡುತ್ತಿದ್ದರು. ಬೆವರು ಹರಿಯುತ್ತಿದ್ದರೆ ಸರಿ. ಬೆವರು ನಿಂತಿದ್ದರೆ ಆ ಕ್ಷಣವೇ ಅವನನ್ನು ನೆರಳಿಗೆ ಕಳಿಸಿ, ಉಪ್ಪು ಹಾಕಿದ ಗಂಜಿ ಕುಡಿಸುತ್ತಿದ್ದರು.

ಹೊಸದಾಗಿ ಬಂದ ಸಾಹೇಬರು ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಎಲ್ಲರೂ ಕುಲುಮೆಯ ಮುಂದೆ ಸರಿಯಾಗಿ ಅರ್ಧ ಗಂಟೆ ನಿಲ್ಲಬೇಕು. ನಾನು ಗಡಿಯಾರ ನೋಡಿ ಗಂಟೆ ಹೊಡೆದ ಮೇಲೆಯೇ ಆಳು ಬದಲಾಗಬೇಕು. ಮೊದಲ ದಿನವೇ, ಇನ್ನೂ ಹತ್ತು ನಿಮಿಷವಿರುವಾಗ, ಮೇಸ್ತ್ರಿ ಮಲವಗೊಪ್ಪದ ಜಟ್ಟಿಯಂಥ ಆಳೊಬ್ಬನನ್ನು ಹಿಂದಕ್ಕೆಳೆದರು.

"ಟೈಮಾಗಿಲ್ವಲ್ಲ ಮೇಸ್ತ್ರಿ?" ಎಂದರು ಸಾಹೇಬರು.

"ಇವನಿಗೆ ಆಗಿದೆ ಸ್ವಾಮಿ. ಕತ್ತು ಮುಟ್ಟಿ ನೋಡಿ."

ಸಾಹೇಬರು ಮುಟ್ಟಿದರು. ಕತ್ತು ಕಾದ ಹಂಚಿನಂತೆ ಒಣಗಿತ್ತು. ಅಷ್ಟರಲ್ಲಿ ಆಳು ಕುಸಿದ. ಮೇಸ್ತ್ರಿ ತೆಕ್ಕೆಗೆ ತೆಗೆದುಕೊಂಡರು.

ಸಾಹೇಬರು ಪಟ್ಟಿಯನ್ನು ಹರಿಯಲಿಲ್ಲ. ಮರುದಿನ ನನ್ನ ಮೇಜನ್ನು ಮಾತ್ರ ಗಡಿಯಾರದ ಎದುರಿನಿಂದ ಎತ್ತಿಸಿ, ಮೇಸ್ತ್ರಿಯ ಕೈ ಕಾಣುವ ಕಡೆ ಹಾಕಿಸಿದರು.