ಹದಿನೇಳು ಸೆಕೆಂಡು

ಜಹಾಂಗೀರ ಚಾಚಾ ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ತಾರ್‌ಬಾಬು ಆಗಿದ್ದವರು. ತಂತಿಯ ಕಟಕಟ ಸದ್ದಿನಲ್ಲಿ ಯಾವುದು ಸುದ್ದಿ, ಯಾವುದು ಬರೀ ಗದ್ದಲ ಎಂಬುದನ್ನು ಚಹಾ ಹೀರುತ್ತಲೇ ಹೇಳಿಬಿಡುತ್ತಿದ್ದರು. ನನಗೆ ಆ ಕೆಲಸ ಕಲಿಸಿದವರೂ ಅವರೇ. ಕಲಿಸುವಾಗ ತಲೆಗೆ ಮೊಟಕುತ್ತಿದ್ದರು.

"ಕೇಳಿದ್ದು ಮರಳಿ ಹೇಳೋ ವೆಂಕಟೇಶ. ಆ ಕಡೆಯವ ಮರಳಿ ಹೇಳೋತನಕ ಸುದ್ದಿ ಮುಟ್ಟಿಲ್ಲ ಅಂತನೇ ತಿಳಿ."

ದಿನಾ ಸಂಜೆ ನಾಲ್ಕಕ್ಕೆ ಮೇಲಿನ ಕಚೇರಿಯಿಂದ ವೇಳೆಯ ಸೂಚನೆ ಬರುತ್ತಿತ್ತು. ಅದನ್ನು ಕೇಳಿ ಎಲ್ಲ ಸ್ಟೇಷನ್ನಿನವರೂ ಗಡಿಯಾರ ಸರಿಪಡಿಸಿಕೊಳ್ಳಬೇಕು. ಚಾಚಾ ನಿವೃತ್ತರಾದ ಮೇಲೂ ನಾಲ್ಕಕ್ಕೆ ತಪ್ಪದೆ ಜೇಬಿನ ಗಡಿಯಾರ ಹಿಡಿದು ನಮ್ಮ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ನೌಕರಿ ಬಿಟ್ಟರೂ ನಾಲ್ಕು ಗಂಟೆ ಬಿಡಲಿಲ್ಲವಲ್ಲ ಎಂದು ನಾವು ನಗುತ್ತಿದ್ದೆವು.

ಎಪ್ಪತ್ತೈದರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಹನುಮಂತರಾವ್ ಎಂಬ ಸಂಶೋಧಕರು ಬಂದರು. ಅವರು ದೊಡ್ಡ ಬಲೂನಿಗೆ ಉಪಕರಣ ಕಟ್ಟಿ ಹಾರಿಸುತ್ತಿದ್ದರು. ಗಾಳಿ ಅದನ್ನು ನಮ್ಮ ಕಡೆಗೆ ತಳ್ಳಿದಂತೆ ಹೈದರಾಬಾದಿನಲ್ಲಿ ಅದರ ಸಂಕೇತ ಕ್ಷೀಣಿಸುತ್ತಿತ್ತು. ಹಾಗಾಗಿ ವಾಡಿ ಸ್ಟೇಷನ್ನಿನ ಹಿಂದಿನ ಖಾಲಿ ಕ್ವಾರ್ಟರ್ಸಿನಲ್ಲಿ ಆ ಸಂಕೇತ ಹಿಡಿಯುವ ಒಂದು ಯಂತ್ರ ಇಟ್ಟರು. ಬಾನಿನ ಯಾವುದೋ ಮೂಲೆಯಲ್ಲಿ ಕೆಲವೇ ಸೆಕೆಂಡು ಪ್ರಚಂಡ ಕಿರಣಗಳು ಸಿಡಿದು ನಿಂತುಹೋಗುತ್ತವಂತೆ. ಎಲ್ಲಿಂದ, ಯಾಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ; ರಾವ್ ಹುಡುಕುತ್ತಿದ್ದದ್ದು ಅವನ್ನೇ.

ಯಂತ್ರದಲ್ಲಿ ಓಡುವ ಕಾಗದದ ಮೇಲೆ ಎರಡು ಮುಳ್ಳು ಗೆರೆ ಎಳೆಯುತ್ತಿದ್ದವು. ಗದ್ದಲವಾದರೆ ಒಂದು ಅಲುಗುತ್ತದೆ. ಎರಡೂ ಒಟ್ಟಿಗೆ ಮೇಲೆದ್ದರೆ ಪಕ್ಕದ ಗಡಿಯಾರ ನೋಡಿ ವೇಳೆ ಬರೆಯಬೇಕು. ಅದೇ ಸೆಕೆಂಡಿಗೆ ಬೇರೆ ಕಡೆಯ ಉಪಕರಣವೂ ಕಂಡಿದ್ದರೆ ಅದು ನಿಜವಾದ ಸಿಡಿತ, ಇಲ್ಲದಿದ್ದರೆ ಮಿಂಚಿನ ಕಿತಾಪತಿ. ಈ ಕೆಲಸಕ್ಕೆ ಚಾಚಾ ಅವರನ್ನು ಬಿಟ್ಟು ಇನ್ಯಾರು? ಬಲೂನು ಇಳಿಯುವವರೆಗೆ ಗಡಿಯಾರ ಮಾತ್ರ ಮುಟ್ಟಬೇಡಿ ಎಂದು ರಾವ್ ಎರಡು ಸಲ ಹೇಳಿದ್ದರು.

ಮೂರನೆಯ ಬಲೂನಿನ ದಿನ ನಾಲ್ಕಕ್ಕೆ ನಾನು ವೇಳೆ ತಿಳಿಸಲು ರೈಲ್ವೆ ಫೋನಿನಲ್ಲಿ ಕ್ವಾರ್ಟರ್ಸಿಗೆ ಕರೆ ಮಾಡಿದೆ. ಹೊರಗಿನವರೊಡನೆ ಆ ಫೋನಿನಲ್ಲಿ ಮಾತಾಡುವುದು ಕಟ್ಟುನಿಟ್ಟಾಗಿ ನಿಷಿದ್ಧ. ನಾನೋ ಹಂಗಾಮಿ ನೌಕರ. ಆದರೂ ಚಾಚಾರ ನಾಲ್ಕು ಗಂಟೆ ತಪ್ಪಿಸಲು ಮನಸ್ಸಾಗಲಿಲ್ಲ.

"ಬೇಟಾ, ಎರಡೂ ಮುಳ್ಳು ಎದ್ದವು! ಮಂದಿ ತಾರು ಮಂದಿಗಿ ಮುಟ್ಟಿಸಿ ಮುಟ್ಟಿಸಿ ಮುದುಕ ಆದೆ. ಇವತ್ತ ಒಂದು ನನ್ನ ಕೈಗಿ ಬಂದದ."

"ಭಾಳ ಚಲೋ ಆತು ಚಾಚಾ. ಈಗ ಸರಿಯಾಗಿ ನಾಲ್ಕು."

ಕ್ಷಣ ಬಿಟ್ಟು ಹೇಳಿದರು: "ಹದಿನೇಳ್ ಸೆಕೆಂಡ್ ಹಿಂದ ಇತ್ತು. ಸರಿ ಮಾಡಿದೆ."

"ಹದಿನೇಳ್ ಸೆಕೆಂಡ್ ಹಿಂದ," ಎಂದು ಮರಳಿ ಹೇಳಿ ಫೋನ್ ಇಟ್ಟೆ.

ಅವರು ಸರಿ ಮಾಡಿದ್ದು ಜೇಬಿನ ಗಡಿಯಾರವನ್ನಲ್ಲ, ಯಂತ್ರದ ಪಕ್ಕದ್ದನ್ನು. ಮೂವತ್ತು ವರ್ಷದ ರೂಢಿ. ನಾಲ್ಕು ಎಂದೊಡನೆ ಕೈ ತಾನಾಗಿ ಹೋಗಿತ್ತು. ಸಿಡಿತದ ವೇಳೆ ಬರೆದದ್ದು ಅದಕ್ಕೂ ಮೊದಲು; ಆಮೇಲೆ ಗಡಿಯಾರವನ್ನು ಎಷ್ಟು ಸರಿಸಿದರೆಂಬುದನ್ನು ಎಲ್ಲೂ ಬರೆದಿರಲಿಲ್ಲ.

ಮರುದಿನ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ರಾವ್ ಅವರ ಮುಂದೆ ಚಾಚಾ ತಾವಾಗಿಯೇ ತಪ್ಪು ಒಪ್ಪಿಕೊಂಡರು. "ಹದಿನೇಳ್ ಸೆಕೆಂಡ್ರಿ ಸಾಹೇಬ್ರ. ನಾಲ್ಕರ ಫೋನಿಗಿ ಹೇಳೀನಿ. ವೆಂಕಟೇಶ ಕೇಳ್ಯಾನ."

ಒಬ್ಬರ ನೆನಪಿನ ಮೇಲೆ ದಾಖಲೆ ತಿದ್ದಲು ಬರುವುದಿಲ್ಲ, ಇನ್ನೊಬ್ಬರ ಸಾಕ್ಷಿ ಬೇಕು ಎಂದು ರಾವ್ ನನ್ನ ಕಡೆ ತಿರುಗಿದರು. ಫೋನ್ ಎಂಬ ಮಾತು ಕೇಳಿ ಮಾಸ್ತರರು ಹುಬ್ಬು ಗಂಟಿಕ್ಕಿದ್ದರು.

"ನಾ ಫೋನೇ ಮಾಡಿಲ್ರಿ," ಎಂದುಬಿಟ್ಟೆ.

ಚಾಚಾ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ರಾವ್ ಅವರಿಗೆ ಹೇಳಿದರು: "ಖರೇ ಅದ ಸಾಹೇಬ್ರ. ನಂದೇ ಗಲತಿ. ಅಂದಾಜಿಲೆ ಸರಿಸೀನಿ. ಹದಿನೇಳೋ ಇಪ್ಪತ್ತೋ, ನೆನಪಿಲ್ಲ."

ರಾವ್ ಕಾಗದದ ಅಂಚಿನಲ್ಲಿ 'ಸಂಶಯಾಸ್ಪದ' ಎಂದು ಬರೆದು ಸುರುಳಿ ಸುತ್ತಿದರು. ಮುಂದಿನ ಬಲೂನಿಗೆ ಚಾಚಾ ಅವರನ್ನು ಕರೆಯಲಿಲ್ಲ. ಚಾಚಾ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಆದರೆ ನಾಲ್ಕಕ್ಕೆ ಬಾಗಿಲಿಗೆ ಬರುವುದನ್ನು ಬಿಟ್ಟರು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮರುವರ್ಷ ನನ್ನ ನೌಕರಿ ಕಾಯಂ ಆಯಿತು. ಆ ಆದೇಶ ಕೈಗೆ ಬಂದಾಗ ಅವರ ಮನೆಯ ಕಡೆ ಕಾಲೇ ಏಳಲಿಲ್ಲ.

ಎಂಟು ವರ್ಷ ಕಳೆದವು. ಚಾಚಾ ಹಾಸಿಗೆ ಹಿಡಿದಿದ್ದಾರೆ ಎಂದು ಅವರ ಹೆಂಡತಿ ಅಖ್ತರ ಬೇಗಂ ಹೇಳಿ ಕಳಿಸಿದಾಗ ಹೋದೆ. ಒಣಗಿ ಕಡ್ಡಿಯಾಗಿದ್ದರು.

"ಚಾಚಾ, ಅವತ್ತ ನಾ ಕೇಳಿದ್ದೆ," ಎಂದೆ. ಅಳು ತಡೆಯಲಾಗಲಿಲ್ಲ.

"ಗೊತ್ತದಲ್ಲೋ ಹುಚ್ಚಾ. ಮರಳಿ ಹೇಳಿದ್ದಿ, ನಾ ಕಲಿಸಿದಂಗೇ." ನನ್ನ ಕೈ ಹಿಡಿದರು. "ನೀ ಹೊಸಬ ಇದ್ದಿ. ನೌಕರಿ ಹೋಗ್ತಿತ್ತು. ಆದ್ರ ಬೇಟಾ, ಅದು ಖರೇನೇ ಬಂದಿತ್ತೋ ಇಲ್ಲೋ, ಅಷ್ಟು ತಿಳಕೊಂಡು ಹೋಗಬೇಕಂತ ಆಸೆ."

ಅಂದೇ ರಾವ್ ಅವರಿಗೆ ಎಲ್ಲವನ್ನೂ ಬರೆದೆ. ಅವರು ಹಳೆಯ ಸುರುಳಿ ತೆಗೆಸಿ ನೋಡಿ ಉತ್ತರಿಸಿದರು: "ಅಂದು ಒಂದು ಉಪಗ್ರಹವೂ ಸಿಡಿತವನ್ನು ದಾಖಲಿಸಿದೆ. ನಮ್ಮ ವೇಳೆಗೆ ಹದಿನೇಳು ಸೆಕೆಂಡು ಕೂಡಿಸಿದರೆ ಎರಡೂ ಒಂದೇ. ಅದು ನಿಜವಾದದ್ದೇ. ಜಹಾಂಗೀರ ಸಾಹೇಬರಿಗೆ ದಯವಿಟ್ಟು ತಿಳಿಸಿ."

ಪತ್ರ ಬಂದಾಗ ಚಾಚಾ ಮಣ್ಣಾಗಿ ನಾಲ್ಕು ದಿನವಾಗಿತ್ತು.

ಸಂಜೆ ನಾಲ್ಕಕ್ಕೆ ಖಬರಸ್ತಾನಕ್ಕೆ ಹೋಗಿ, ಇನ್ನೂ ಹಸಿಯಿದ್ದ ಮಣ್ಣಿನ ಮುಂದೆ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ರೂಢಿಯಂತೆ, ಆ ಕಡೆಯಿಂದ ಮರಳಿ ಹೇಳಲಿ ಎಂದು ಕಾದೆ. ಬಹಳ ಹೊತ್ತು ಕಾದೆ. ಆಮೇಲೆ ಇನ್ನೊಮ್ಮೆ ಮೊದಲಿನಿಂದ ಓದಿದೆ.