ಐದು ನಿಮಿಷ ಸಂಡಿಗೆ ಕಾಯ್ದ ಕಥೆ

ಹೋದ ಗುರುವಾರ ಬೆಳಿಗ್ಗೆ ನನ್ನ ಮಗ ನನ್ನನ್ನು ಕೆಲಸದಿಂದ ತೆಗೆದುಹಾಕಿದ. ಅವನಿಗೆ ಆರು ವರ್ಷ. ನಾನು ಕೆಲಸಕ್ಕೆ ಸೇರಿ ಬರೀ ಐದು ನಿಮಿಷವಾಗಿತ್ತು.

ನಗಬೇಡಿ. ತಪ್ಪು ನನ್ನದೇ. ಅವನ ಜಾಗದಲ್ಲಿ ನಾನಿದ್ದರೆ ನಾನೂ ತೆಗೆದುಹಾಕ್ತಿದ್ದೆ.

ನಿಮಗೆ ನೆನಪಿರಬಹುದು (ಮರೆತಿದ್ದರೆ ಇನ್ನೂ ಒಳ್ಳೆಯದು), ಬೇಸಿಗೆ ರಜೆ ಶುರುವಾಗುವ ಮುಂಚೆ ಇದೇ ಅಂಕಣದಲ್ಲಿ ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಭಾಷಣ ಬಿಗಿದಿದ್ದೆ. ನಮ್ಮನೇಲಿ ಫೋನು ಬೇಕು ಅಂದ್ರೆ ಒಂದೇ ಉತ್ತರ, "ಹೋಂವರ್ಕ್ ಮುಗಿದ ಮೇಲೆ ಕೊಡ್ತೀನಿ, ಅರ್ಧ ಗಂಟೆ ಮಾತ್ರ" ಅಂತ ಹೆಮ್ಮೆಯಿಂದ ಬರೆದಿದ್ದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇಲ್ಲ, ಈ ರಜೆಯಲ್ಲಿ ನನ್ನ ಇಬ್ಬರು ಮಕ್ಕಳಿಗೂ ಹನ್ನೆರಡು ಔಟ್‌ಡೋರ್ ಸಾಹಸ ಮಾಡಿಸ್ತೀನಿ ಅಂತ ಜಂಬ ಬೇರೆ ಕೊಚ್ಚಿಕೊಂಡೆ. ನೀವು ಬಿಡ್ತೀರಾ? "ಎಷ್ಟಾಯ್ತು ಮೇಡಂ?" ಅಂತ ಮೇಲ್‌ಗಳ ಸುರಿಮಳೆ.

ಆಯ್ತು, ಹೇಳ್ತೀನಿ ಕೇಳಿ.

ಮೊದಲು ಇದು ಚೆನ್ನೈ ಅನ್ನೋದು ನೆನಪಿರಲಿ. ಅದೂ ಮೇ ತಿಂಗಳು. ಇಲ್ಲಿಯ ಜನ ಈ ಬಿಸಿಲಿಗೆ "ಕತ್ತಿರಿ ವೆಯಿಲ್" ಅಂತ ಪ್ರತ್ಯೇಕ ಹೆಸರೇ ಇಟ್ಟಿದ್ದಾರೆ. ಬುದ್ಧಿ ಇರುವವರು ಪರದೆ ಎಳೆದು, ಮಜ್ಜಿಗೆ ಕುಡಿದು ಮಲಗ್ತಾರೆ. ಮೈಸೂರಿಂದ ಬಂದು ಏಳು ವರ್ಷವಾದರೂ ಬುದ್ಧಿ ಬಾರದ ನಮ್ಮಂಥವರು ಟೋಪಿ ಹಾಕ್ಕೊಂಡು ಹೊರಡ್ತೀವಿ.

ನಮ್ಮನೆಯವರು ಇನ್ಶೂರೆನ್ಸ್ ಆಫೀಸಿನಲ್ಲಿರೋದು. ಸಾಹಸ ಅಂದ ಕೂಡಲೇ ಒಂದು ಎಕ್ಸೆಲ್ ಶೀಟ್ ಮಾಡಿದರು. ಅದರಲ್ಲಿ ಸಾಹಸದ ಹೆಸರಿಗೆ ಒಂದು ಕಾಲಂ, ಅದರಿಂದ ಆಗಬಹುದಾದ ಅಪಾಯಕ್ಕೆ ಐದು ಕಾಲಂ. ಮಕ್ಕಳು ಕಳೆದುಹೋದರೆ ಊದಲಿಕ್ಕೆ ಸೀಟಿ ಬೇಕು ಅಂತ ಪ್ಯಾರೀಸ್ ಕಾರ್ನರ್‌ಗೆ ಹೋದೆವು. ಅಲ್ಲಿ ಹೋಲ್‌ಸೇಲ್ ಅಂಗಡಿಯವನು ಎರಡೇ ಸೀಟಿ ಅಂದ್ರೆ ಮುಖ ಕೂಡ ಎತ್ತಲಿಲ್ಲ. ಡಜನ್ ತಗೊಂಡೆವು. ಆ ಗಲ್ಲಿಗಳ ನೂಕುನುಗ್ಗಲಲ್ಲಿ ಕಳೆದುಹೋದವರು ನಮ್ಮನೆಯವರೇ. ಊದಲಿಕ್ಕೆ ಸೀಟಿ ಅವರ ಹತ್ತಿರವೇ ಇತ್ತು, ಪುಣ್ಯಕ್ಕೆ.

ಸಾಹಸ ಒಂದು: ಬೀಚಿನಲ್ಲಿ ಸೂರ್ಯೋದಯ. ನಾಲ್ಕೂವರೆಗೆ ಎಬ್ಬಿಸಿದೆವು. ಸೂರ್ಯ ಬಂದ. ಮಕ್ಕಳು ಕಾರಲ್ಲಿ ಮಲಗಿದ್ದರು. ಸಾಹಸ ಎರಡು: ಕೆರೆಯಲ್ಲಿ ಪಕ್ಷಿ ವೀಕ್ಷಣೆ. ಹೊಸ ಬೈನಾಕ್ಯುಲರ್‌ನಲ್ಲಿ ಒಂದು ಬಿಳಿ ಕೊಕ್ಕರೆಯನ್ನು ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ನೋಡಿದೆವು. ಅದು ಪ್ಲಾಸ್ಟಿಕ್ ಕವರ್ ಅಂತ ಕಂಡುಹಿಡಿದವಳು ಮಗಳು ಸಿರಿ. ಅವಳಿಗೆ ಒಂಬತ್ತು ವರ್ಷ, ಯಾವುದನ್ನೂ ಸುಲಭಕ್ಕೆ ನಂಬೋದಿಲ್ಲ. ಸಾಹಸ ಮೂರು: ಊರಾಚೆಯ ಫಾರ್ಮ್ ಕ್ಯಾಂಪ್. ಅಲ್ಲಿ ಕ್ಯೂ ನಿಂತು ಹಸು ಮುಟ್ಟುವುದು. ನಮ್ಮ ಸರದಿ ಬರುವಷ್ಟರಲ್ಲಿ ಹಸುವಿಗೆ ಲಂಚ್ ಬ್ರೇಕ್.

ಎಲ್ಲಿಗೆ ಹೋದರೂ ಮಗ ನಚ್ಚುವಿನದು ಒಂದೇ ಪ್ರಶ್ನೆ. "ಎಪ್ಪೋ ವೀಟ್ಟುಕ್ಕು ಪೋಲಾಂ?" ಮನೆಗೆ ಯಾವಾಗ ಹೋಗೋದು ಅಂತ. ಅವನಿಗೆ ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತೆ, ಬಾಯಲ್ಲಿ ಬರೋದು ಮಾತ್ರ ತಮಿಳು. "ಮಗುಗೆ ಒಂದಕ್ಷರ ಕನ್ನಡ ಕಲಿಸಲಿಲ್ವಲ್ಲೇ" ಅಂತ ನಮ್ಮತ್ತೆ ಮೈಸೂರಿಂದ ಫೋನ್ ಮಾಡಿದಾಗಲೆಲ್ಲ ಕೊರಗ್ತಾರೆ.

ಇಷ್ಟೆಲ್ಲ ಆಗ್ತಿರುವಾಗ ನನ್ನ ಓರಗಿತ್ತಿ ಶಿಲ್ಪಾ ಬೆಂಗಳೂರಿಂದ ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕ್ತಾನೇ ಇದ್ದಳು. ಬೆಟ್ಟದ ಮೇಲೆ ಅವಳ ಮಕ್ಕಳು. ಹೊಳೆಯಲ್ಲಿ ಅವಳ ಮಕ್ಕಳು. ಮಂಜಿನಲ್ಲಿ ಸ್ವೆಟರ್ ಹಾಕಿಕೊಂಡ ಅವಳ ಮಕ್ಕಳು. ಮೇ ತಿಂಗಳಲ್ಲಿ ಸ್ವೆಟರ್ ರೀ! ಹೊಟ್ಟೆ ಉರಿಯದೆ ಇರುತ್ತಾ?

ನಾಲ್ಕನೇ ಸಾಹಸ ಟೆಂಟ್. ಅಣ್ಣಾ ನಗರದ ನಮ್ಮ ಅಪಾರ್ಟ್‌ಮೆಂಟ್‌ನ ಟೆರೇಸ್ ಮೇಲೆ ಸಂಜೆ ಟೆಂಟ್ ಹಾಕಿದೆವು. ಒಳಗೆ ನಾಲ್ಕು ಜನ ಕೂತ ಮೇಲೆ ಗೊತ್ತಾಯಿತು, ಹಬೆಯಲ್ಲಿ ಬೇಯುವ ಇಡ್ಲಿಯ ಕಷ್ಟ ಏನು ಅಂತ. ಅರ್ಧ ಗಂಟೆಗೆ ಎಲ್ಲರೂ ಕೆಳಗಿಳಿದು ಎಸಿ ರೂಮ್ ಸೇರಿಕೊಂಡೆವು. ಬೆಳಿಗ್ಗೆ ಎದ್ದ ಮೇಲೆ ಮಕ್ಕಳನ್ನು "ಹೋಗಿ ಟೆಂಟ್ ಬಿಚ್ಚಿ ತನ್ನಿ" ಅಂತ ಮೇಲೆ ಕಳಿಸಿದೆ.

ಏಳಕ್ಕೆ ಹೋದವರು ಹತ್ತಾದರೂ ಬರಲಿಲ್ಲ.

ಜೀವ ಬಾಯಿಗೆ ಬಂದು ಮೇಲೆ ಓಡಿದೆ. ನೋಡಿದರೆ ಮೂರನೇ ಮಹಡಿಯ ಮಾಮಿ ವಡಾಂ ಹಾಕಿದ್ದಾರೆ. ವಡಾಂ ಅಂದ್ರೆ ನಮ್ಮ ಸಂಡಿಗೆಯೇ. ಹಳೇ ಪಂಚೆ ಹಾಸಿ, ಚಕ್ಕುಲಿ ಒರಳಿಂದ ಸಾಲು ಸಾಲಾಗಿ ಒತ್ತಿದ್ದಾರೆ. ವರ್ಷಕ್ಕಾಗುವಷ್ಟು. ನೀರಿನ ಟ್ಯಾಂಕಿನ ನೆರಳಲ್ಲಿ ನನ್ನ ಇಬ್ಬರು ಮಕ್ಕಳು ಕರೀ ಛತ್ರಿ ಹಿಡಿದು ಕೂತಿದ್ದಾರೆ. ಕಾಗೆ ಕಂಡರೆ ಛತ್ರಿ ಬಿಚ್ಚಿ "ಹೋಯ್" ಅಂತ ನುಗ್ಗೋದು, ಓಡಿಸೋದು, ಮತ್ತೆ ಬಂದು ಕೂರೋದು. ಸೀಟಿ ಇದ್ದವು, ಆದರೆ ಮಾಮ ಪೂಜೆಗೆ ಕೂತಿದ್ದಾರೆ ಅಂತ ಮಾಮಿ ಎಲ್ಲವನ್ನೂ ಕಸಿದು ಸೆರಗಲ್ಲಿ ಕಟ್ಟಿಕೊಂಡಿದ್ದರು. ಸಂಬಳ, ಅರೆ ಒಣಗಿದ ವಡಾಂ, ಒಬ್ಬರಿಗೆ ಎರಡು.

ಮಕ್ಕಳ ಮುಖ ಬೆವರಲ್ಲಿ ಮಿಂದಿತ್ತು. ಮನೆಗೆ ಯಾವಾಗ ಹೋಗೋದು ಅಂತ ಯಾರೂ ಕೇಳಲಿಲ್ಲ.

ಅವತ್ತಿಂದ ದಿನಾ ಬೆಳಿಗ್ಗೆ ನಚ್ಚು ತಾನೇ ಎದ್ದು, ಹಲ್ಲುಜ್ಜಿ, ಟೆರೇಸಿಗೆ ಹೋಗಲು ಶುರು ಮಾಡಿದ. (ಶಾಲೆಗೆ ಇದೇ ಹುಡುಗನನ್ನು ಎಬ್ಬಿಸಲು ಇಬ್ಬರು ಬೇಕು.) ಅವನು ಮನೇಲಿ ಚಿಕ್ಕವನು, ಕ್ಲಾಸಲ್ಲಿ ಕುಳ್ಳ. ಯಾರೂ ಯಾವತ್ತೂ ಅವನನ್ನು ನಂಬಿ ಒಂದು ನೀರಿನ ಬಾಟಲಿ ಕೂಡ ಕೊಟ್ಟವರಲ್ಲ. ಮಾಮಿ ವರ್ಷದ ವಡಾಂ ಕೊಟ್ಟಿದ್ದರು. ಹತ್ತು ಗಂಟೆಗೆ ಮಾಮಿ ಮೇಲೆ ಬಂದಾಗ ಎದ್ದು ನಿಂತು ರಿಪೋರ್ಟ್ ಮಾಡ್ತಿದ್ದ. "ಒಣ್ಣು ಕೂಡ ಪೋಗಲೆ, ಮಾಮಿ." ಒಂದೂ ಹೋಗಿಲ್ಲ ಅಂತ.

ನಾನಾದರೂ ಸುಮ್ಮನೆ ಸಂತೋಷ ಪಡಬೇಕಿತ್ತು ತಾನೇ? ನಾನೂ ಚಿಕ್ಕವಳಾಗಿದ್ದಾಗ ಮೈಸೂರಲ್ಲಿ ಅಜ್ಜಿಯ ಸಂಡಿಗೆ ಕಾಯ್ದವಳೇ. ಆಗ ಅದಕ್ಕೆ ಯಾರೂ ಸಾಹಸ ಅಂತ ಹೆಸರಿಟ್ಟಿರಲಿಲ್ಲ. ಆದರೆ ಈಗ ನನಗೆ ಹನ್ನೆರಡು ತುಂಬಬೇಕಲ್ಲ! ಎಕ್ಸೆಲ್ ಶೀಟಿನಲ್ಲಿ ಸಾಹಸ ಐದು ಅಂತ ಸೇರಿಸಿದೆ. "ಸಂಡಿಗೆ ಕಾಯುವುದು" ಅಂದ್ರೆ ಶಿಲ್ಪಾ ನಗ್ತಾಳೆ ಅಂತ "ಬರ್ಡ್ ಬಿಹೇವಿಯರ್ ಸ್ಟಡಿ" ಅಂತ ಬರೆದೆ. ಇನ್ನು ಫೋಟೋ ಒಂದು ಬೇಕು.

ಗುರುವಾರ ಮೇಲೆ ಹೋದೆ. ಸಿರಿ ಸ್ನಾನಕ್ಕೆ ಕೆಳಗಿಳಿದಿದ್ದಳು. ನಚ್ಚು ಒಬ್ಬನೇ ಕಾಲು ಹೆಣೆದುಕೊಂಡು ಕುಣೀತಿದ್ದ, ಪಾಪ, ಅವಸರ. ಡ್ಯೂಟಿ ಬಿಟ್ಟು ಹೋಗುವಂತಿಲ್ಲ. ನನ್ನನ್ನು ಕಂಡಿದ್ದೇ ಛತ್ರಿ ನನ್ನ ಕೈಗೆ ತುರುಕಿದ. "ಅಮ್ಮಾ, ಅಞ್ಜೇ ನಿಮಿಷಂ. ಕಣ್ ಎಡುಕ್ಕಾದೇ." ಐದೇ ನಿಮಿಷ, ಕಣ್ಣು ತೆಗೀಬೇಡ ಅಂತ ಹೇಳಿ, ಮೆಟ್ಟಿಲ ಹತ್ತಿರ ಹೋಗಿ, ಮತ್ತೆ ತಿರುಗಿ ನೋಡಿ, "ಪ್ರಾಮಿಸ್?" ಅಂದ.

"ಪ್ರಾಮಿಸ್ ಕಣೋ, ಓಡು" ಅಂದೆ.

ಓಡಿದ. ನಾನು ಛತ್ರಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಫೋಟೋ ತೆಗೆದೆ. ಆಹಾ! ನೀಲಿ ಆಕಾಶ, ಬಿಳೀ ಪಂಚೆ, ವಡಾಂ ಸಾಲು. ಸ್ವಲ್ಪ ಕ್ರಾಪ್ ಮಾಡಿದೆ. ಒಂದು ಫಿಲ್ಟರ್ ಹಾಕಿದೆ, ಚೆನ್ನಾಗಿಲ್ಲ ಅಂತ ಇನ್ನೊಂದು ಹಾಕಿದೆ. "ಗ್ಯಾಜೆಟ್ ಇಲ್ಲದ ಬಾಲ್ಯ, ತಲೆ ಮೇಲೆ ಆಕಾಶ" ಅಂತ ಬರೆದು ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ಯಾರು ಯಾರು ನೋಡಿದರು ಅಂತ ನೋಡ್ತಾ ನಿಂತೆ. ಶಿಲ್ಪಾ ಟೈಪ್ ಮಾಡ್ತಿದ್ದಾಳೆ ಅಂತ ತೋರಿಸಿತು. ಉರೀಲಿ ಅವಳಿಗೂ ಸ್ವಲ್ಪ ಅಂದುಕೊಂಡೆ.

ಅವಳ ಮೆಸೇಜ್ ಬಂತು. "ಸೂಪರ್ ಅಕ್ಕ! ಆ ಮೂಲೇಲಿ ಎರಡು ಕಾಗೆ ಏನೋ ತಿಂತಿವೆಯಲ್ಲ, ಅದೇನದು?"

ತಲೆ ಎತ್ತಿದೆ. ಎರಡು ಅಂತೆ, ಎಂಟಿದ್ದವು! ಎರಡು ಸಾಲು ಪೂರ್ತಿ ಖಾಲಿ. ಒಂದು ಕಾಗೆಯಂತೂ ಹಸೀ ವಡಾಂ ಮೇಲೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ವಾಕಿಂಗ್ ಮಾಡ್ತಿತ್ತು, ಬೀಗರ ಮನೆಗೆ ಬಂದಂಗೆ. ಛತ್ರಿ ಬಿಚ್ಚಲು ಹೋದೆ, ಬಿಚ್ಚಲಿಲ್ಲ. ಹೋಯ್ ಹೋಯ್ ಅಂತ ಕೈ ಬೀಸಿಕೊಂಡು ಕುಣಿದೆ. ಇಷ್ಟಾದರೂ ಫೋನು ಮಾತ್ರ ಕೈಬಿಟ್ಟಿರಲಿಲ್ಲ ನೋಡಿ.

ನಚ್ಚು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ. ಪಂಚೆ ನೋಡಿದ. ನನ್ನ ಕೈ ನೋಡಿದ. ಬಂದು ನನ್ನಿಂದ ಛತ್ರಿ ಎಳೆದುಕೊಂಡು "ನೀ ಕೀಳೆ ಪೋ" ಅಂದ. ನೀನು ಕೆಳಗೆ ಹೋಗು. ಅಷ್ಟೇ. ಆಮೇಲೆ ಗೋಡೆ ಕಡೆ ಮುಖ ಮಾಡಿ ಅತ್ತ.

ಅವನನ್ನು ಸಾವಿರ ಸಲ ಅಳಿಸಿದ್ದೀನಿ, ಅತ್ತಾಗ ಸಮಾಧಾನವೂ ಮಾಡಿದ್ದೀನಿ. ಅವತ್ತು ಮುಟ್ಟಲೂ ಧೈರ್ಯ ಬರಲಿಲ್ಲ. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹತ್ತಕ್ಕೆ ಮಾಮಿ ಬಂದರು. ನಚ್ಚು ಎಂದಿನಂತೆ ಎದ್ದು ನಿಂತ. ಈ ಸಲ ರಿಪೋರ್ಟ್ ಬೇರೆ. "ರೆಂಡು ವರಿಸೈ ಪೋಚ್ಚು, ಮಾಮಿ." ಎರಡು ಸಾಲು ಹೋಯ್ತು. ಯಾಕೆ ಅಂತ ಹೇಳಲಿಲ್ಲ. ನನ್ನ ಹೆಸರು ಎತ್ತಲೇ ಇಲ್ಲ ಆ ಹುಡುಗ! ನಾನೇ ಬಾಯಿ ಬಿಡಬೇಕಾಯಿತು. "ತಪ್ಪು ನಂದು ಮಾಮಿ, ಫೋನ್ ನೋಡ್ತಿದ್ದೆ" ಅಂತ ನನ್ನ ಹರುಕು ತಮಿಳಲ್ಲಿ ಒಪ್ಪಿಕೊಂಡೆ.

ಮಾಮಿ ಮಗನ ತಲೆ ಸವರಿದರು. "ವಿಡುಡಾ ಕಣ್ಣಾ, ಪೋಗ ಪೋಗ ಸರಿಯಾಯ್ಡುವಾ." ಬಿಡು ಕಂದಾ, ಹೋಗ್ತಾ ಹೋಗ್ತಾ ಸರಿ ಹೋಗ್ತಾಳೆ ಅಂತ. ನನ್ನ ಮಗನ ಬಗ್ಗೆ ಅವನ ಟೀಚರ್ ನನಗೆ ಹೇಳುವ ಮಾತು ಇದು.

ಕೆಳಗೆ ಬಂದು ಮೊದಲು ಆ ಫೋಟೋ ಡಿಲೀಟ್ ಮಾಡಿದೆ. (ಅಷ್ಟರಲ್ಲಿ ಹದಿನಾಲ್ಕು ಜನ ಕಾಗೆ ನೋಡಿಯಾಗಿತ್ತು.) ಸಂಜೆ ಎಕ್ಸೆಲ್ ಶೀಟೂ ಹೋಯಿತು. ಹನ್ನೆರಡು ಆಗಲಿಲ್ಲ. ಕ್ಷಮಿಸಿ, ಮೇಲ್ ಮಾಡಬೇಡಿ.

ಶುಕ್ರವಾರ ಮಾಮಿ ಆ ಎರಡು ಸಾಲು ಮತ್ತೆ ಒತ್ತಿದರು. ಹಿಟ್ಟು ಕಲಸಿಕೊಟ್ಟಿದ್ದು ನಾನೇ, ಶಿಕ್ಷೆ ಅಂದುಕೊಳ್ಳಿ. ಶನಿವಾರ ಬೆಳಿಗ್ಗೆ ಧೈರ್ಯ ಮಾಡಿ ಮಗನನ್ನು ಕೇಳಿದೆ. "ನಚ್ಚು, ನಾನೂ ಕಾಯಕ್ಕೆ ಬರ್ಲಾ?" ಸಿರಿ ಬೇಡವೇ ಬೇಡ ಅಂದಳು. ಅವನು ಬಾ ಅಂತ ತಲೆಯಾಡಿಸಿದ.

ಟೆರೇಸ್ ಬಾಗಿಲಲ್ಲಿ ನಿಂತು ಕೈ ಚಾಚಿದ. ಅರ್ಥವಾಯಿತು. ಫೋನ್ ಕೊಟ್ಟೆ. ಅದನ್ನು ಚಡ್ಡಿ ಜೇಬಿಗೆ ಇಳಿಸಿ, ನನ್ನ ಮುಖ ನೋಡಿ, ಹುಟ್ಟಿದಾಗಿನಿಂದ ಕನ್ನಡದಲ್ಲಿ ಮಾತೇ ಆಡದ ನನ್ನ ಮಗ ಒಂದಕ್ಷರ ತಪ್ಪದೆ ಅಚ್ಚ ಕನ್ನಡದಲ್ಲಿ ಹೇಳಿದ. "ವಡಾಂ ಒಣಗಿದ ಮೇಲೆ ಕೊಡ್ತೀನಿ. ಅರ್ಧ ಗಂಟೆ ಮಾತ್ರ."

ಮಗುಗೆ ಒಂದಕ್ಷರ ಕನ್ನಡ ಕಲಿಸಲಿಲ್ಲ ಅಂತೀರಲ್ಲ ಅತ್ತೆ, ಕೇಳಿಸಿತಾ?